ಮಳೆಯ ಲೆಕ್ಕ, ಗಣಕದ ಕೊಳಗ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಘಟ್ಟದ ಅಂಚು ಇನ್ನೇನು ಸಮೀಪಿಸಿತು ಎನ್ನುವಲ್ಲಿ ಮೇಗರವಳ್ಳಿ ಎಂಬ ಊರಿದೆ. ಅಡಿಕೆಯ ತೋಟ, ಗದ್ದೆ, ಕಾಡುಗಳ ನಡುವಿನ ಆ ಊರಿನವರಿಗೆ ಮಳೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಅರಬ್ಬೀ ಸಮುದ್ರದ ಮೇಲಿಂದ ನೀರಾವಿಯನ್ನು ಹೊತ್ತು ಬರುವ ನೈಋತ್ಯ ಮಾರುತವು ಪಶ್ಚಿಮ ಘಟ್ಟದ ಗೋಡೆಯನ್ನೇರುವಾಗ ತಣಿದು, ತನ್ನ ಹೊರೆಯ ಬಹುಭಾಗವನ್ನು ಈ ಅಂಚಿನಲ್ಲಿಯೇ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷವೊಂದಕ್ಕೆ ಬೀಳುವ ಸರಾಸರಿ ಮಳೆ 7,600 ಮಿಲಿಮೀಟರಿನ ಆಸುಪಾಸು. ಬೆಂಗಳೂರಿನಲ್ಲಿ ಬೀಳುವುದು ಒಂದು ಸಾವಿರದ ಆಸುಪಾಸು. ಒಂದೇ ರಾಜ್ಯದ ಎರಡು ಸ್ಥಳಗಳ ನಡುವೆ ಏಳೂವರೆ ಪಟ್ಟು ಅಂತರ! ಇದು ಭೂಗೋಳದ ಪಾಠಕ್ಕೆ ಸೇರಿದ ವಿಷಯವೆಂದು ಎಲ್ಲರೂ ಬಲ್ಲರು. ಗಣಕಯಂತ್ರದೊಳಗೆ ಸಂಖ್ಯೆಗಳು ಹೇಗೆ ಬಾಳುತ್ತವೆ ಎಂಬ ಪಾಠಕ್ಕೂ ಇದು ಸೇರಿದೆಯೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮಳೆಯನ್ನು ಅಳೆಯುವ ಕ್ರಮವನ್ನು ಮೊದಲು ನೋಡೋಣ. ಹವಾಮಾನ ಇಲಾಖೆಯ ಪದ್ಧತಿಯಂತೆ ಪ್ರತಿದಿನ ಬೆಳಿಗ್ಗೆ 8-30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದು, ಮಿಲಿಮೀಟರಿನ ಹತ್ತನೆಯ ಒಂದಂಶದವರೆಗೆ ಬರೆದಿಡುತ್ತಾರೆ. ತಾನಾಗಿಯೇ ಅಳೆಯುವ ಮಾಪಕಗಳೂ ಉಂಟು. ಅವುಗಳಲ್ಲಿ ಸಾಮಾನ್ಯವಾದ ಒಂದು ಬಗೆಯಲ್ಲಿ, ಆಲಿಕೆಯ ಕೆಳಗೆ ಎರಡು ಪುಟ್ಟ ಬೋಗುಣಿಗಳು ಏತದಂತೆ ತೂಗುತ್ತಿರುತ್ತವೆ. ಒಂದು ತುಂಬಿದೊಡನೆ ಅದು ವಾಲಿ ನೀರನ್ನು ಸುರಿಯುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಪ್ರತಿಯೊಂದು ವಾಲಿಗೂ ಒಂದು ವಿದ್ಯುತ್ ಸಂಕೇತ. ಆ ಸಂಕೇತಗಳನ್ನು ಎಣಿಸುತ್ತ ಹೋದರೆ ಮಳೆಯ ಮೊತ್ತ ದೊರೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಈ ಅಂಕಿಗಳು ಕುತೂಹಲಕ್ಕಾಗಿ ಮಾತ್ರ ಇರುವವಲ್ಲ. ಎಡೆಬಿಡದ ಮಳೆಯಲ್ಲಿ ಅಡಿಕೆಯ ಗೊನೆಗೆ ಕೊಳೆರೋಗ ತಗಲುತ್ತದೆ. ಅಡಿಕೆಗೂ ಕಾಳುಮೆಣಸಿಗೂ ಇರುವ ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಬೆಳೆಗಾರನಿಗೆ ಪರಿಹಾರ ದೊರೆಯಬೇಕೆ ಬೇಡವೆ ಎಂಬುದು ಮಳೆಯ ಅಂಕಿಗಳನ್ನು ನೋಡಿ ನಿರ್ಧಾರವಾಗುತ್ತದೆ. ಒಂದು ತಪ್ಪು ಸಂಖ್ಯೆಗೆ ಒಂದು ಸಂಸಾರದ ವರ್ಷದ ಉತ್ಪತ್ತಿಯೇ ಬೆಲೆಯಾಗಬಹುದು.

ಈಗ ಬೆಂಗಳೂರಿನ ವಿದ್ಯಾರ್ಥಿಯೊಬ್ಬನು ವಿಜ್ಞಾನ ಪ್ರದರ್ಶನಕ್ಕಾಗಿ ಇಂತಹದೊಂದು ಮಾಪಕವನ್ನು ಕಟ್ಟಿದನೆಂದು ಊಹಿಸಿರಿ. ವಿದ್ಯಾರ್ಥಿಗಳು ಬಹುವಾಗಿ ಬಳಸುವ ಆರ್ಡ್ವಿನೊ ಊನೊ ಎಂಬ ಅಂಗೈಯಗಲದ ಗಣಕವನ್ನೇ ಅವನು ಬಳಸಿದ್ದಾನೆ. ದಶಮಾಂಶಗಳ ತೊಡಕು ಬೇಡವೆಂದು ಮಳೆಯನ್ನು ಮಿಲಿಮೀಟರಿನ ಹತ್ತನೆಯ ಒಂದಂಶಗಳಲ್ಲಿ ಎಣಿಸುತ್ತಾನೆ, ಅಂದರೆ 12.4 ಮಿಲಿಮೀಟರು ಮಳೆಯಾದರೆ ಯಂತ್ರದೊಳಗೆ 124 ಎಂದಿರುತ್ತದೆ. ವರ್ಷದ ಮೊತ್ತವನ್ನು ಇಟ್ಟುಕೊಳ್ಳಲು ‘ಇಂಟ್’ ಎಂಬ ಜಾತಿಯ ಒಂದು ಪೂರ್ಣಾಂಕವನ್ನು ಮೀಸಲಿಟ್ಟಿದ್ದಾನೆ. ಬೆಂಗಳೂರಿನಲ್ಲಿ ಈ ಮಾಪಕ ವರ್ಷಗಟ್ಟಲೆ ಕೂದಲೆಳೆಯಷ್ಟೂ ತಪ್ಪದೆ ನಡೆಯುತ್ತದೆ. ಅದನ್ನೇ ತಂದು ಮೇಗರವಳ್ಳಿಯ ಸೀಮೆಯಲ್ಲಿ ನೆಟ್ಟರೆ ಏನಾದೀತು?

ಉತ್ತರ ತಿಳಿಯಬೇಕಾದರೆ ‘ಜಾತಿ’ ಎಂಬ ಮಾತಿನ ಅರ್ಥವನ್ನು ಬಿಡಿಸಬೇಕು. ನಾವು ಕಾಗದದ ಮೇಲೆ ಸಂಖ್ಯೆಯನ್ನು ಎಷ್ಟು ಉದ್ದಕ್ಕಾದರೂ ಬರೆಯುತ್ತ ಹೋಗಬಹುದು. ಯಂತ್ರದ ಸ್ಮೃತಿಯಲ್ಲಿರುವುದಾದರೋ 0 ಅಥವಾ 1 ಎಂಬ ಎರಡೇ ಸ್ಥಿತಿಗಳುಳ್ಳ ಸಣ್ಣ ಸಣ್ಣ ಮನೆಗಳು. ಒಂದು ಮನೆಗೆ ಬಿಟ್ ಎಂದು ಹೆಸರು. ಒಂದು ಸಂಖ್ಯೆಗೆ ಇಂಥ ಎಷ್ಟು ಮನೆಗಳನ್ನು ಕೊಡಬೇಕೆಂಬುದನ್ನು, ಭತ್ತ ಅಳೆಯುವವನು ಪಾವು, ಸೇರು, ಕೊಳಗಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತೆ, ಪ್ರೋಗ್ರಾಮು ಬರೆಯುವವನು ಮುಂಚಿತವಾಗಿ ಗೊತ್ತುಮಾಡುತ್ತಾನೆ. 1995ರಲ್ಲಿ ಲೋಕಕ್ಕೆ ಬಂದ ಜಾವಾ ಭಾಷೆಯಲ್ಲಿ ಪೂರ್ಣಾಂಕಗಳಿಗೆ ಇಂತಹ ನಾಲ್ಕು ಅಳತೆಗಳಿವೆ: 8 ಬಿಟ್‌ಗಳ ಬೈಟ್, 16ರ ಶಾರ್ಟ್, 32ರ ಇಂಟ್, 64ರ ಲಾಂಗ್. ಎಂಟು ಮನೆಗಳನ್ನು 0 ಮತ್ತು 1ರಿಂದ 256 ಬಗೆಗಳಲ್ಲಿ ತುಂಬಬಹುದು. ಅದರ ಅರ್ಧವನ್ನು ಋಣಸಂಖ್ಯೆಗಳಿಗೆ ಕೊಟ್ಟರೆ, ಬೈಟಿನಲ್ಲಿ −128ರಿಂದ 127ರವರೆಗಿನ ಸಂಖ್ಯೆಗಳಿಗೆ ಸ್ಥಳ. ಹದಿನಾರು ಮನೆಗಳಿಗೆ 65,536 ಬಗೆ. ಶಾರ್ಟಿನ ವ್ಯಾಪ್ತಿ −32,768ರಿಂದ 32,767. ಇಂಟ್ 214 ಕೋಟಿಯನ್ನು ದಾಟುತ್ತದೆ, ಲಾಂಗಿನ ಗರಿಷ್ಠ ಸಂಖ್ಯೆಗೆ 19 ಅಂಕೆಗಳಿವೆ.

ಇಲ್ಲಿಯೇ ಒಂದು ತೊಡಕು ಅಡಗಿದೆ. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬರುವ ಮೊದಲು ನಮ್ಮಲ್ಲಿ ಸೇರು ಎಂಬುದು ಹೆಸರಿಗೆ ಒಂದೇ. ಅದರಲ್ಲಿ ಹಿಡಿಯುವ ಕಾಳು ಸೀಮೆಯಿಂದ ಸೀಮೆಗೆ ಬೇರೆ. ‘ಇಂಟ್’ ಕೂಡ ಹಾಗೆಯೇ. ಜಾವಾದಲ್ಲಿ ಅದಕ್ಕೆ 32 ಬಿಟ್ ಎಂದು ಕಟ್ಟುಪಾಡಿದೆ. ಸಿ ಮತ್ತು ಅದರ ಕುಲದ ಭಾಷೆಗಳಲ್ಲಿ ಅದರ ಅಳತೆ ಯಂತ್ರವನ್ನು ಅವಲಂಬಿಸಿದೆ. ಮೇಜಿನ ಮೇಲಿನ ಗಣಕದಲ್ಲಿ ಅದು ಸಾಮಾನ್ಯವಾಗಿ 32 ಬಿಟ್, ಊನೊದಲ್ಲಿ 16 ಬಿಟ್ ಮಾತ್ರ. ಆದುದರಿಂದ ನಮ್ಮ ವಿದ್ಯಾರ್ಥಿಯ ಮಾಪಕವು ಹಿಡಿಯಬಲ್ಲ ಗರಿಷ್ಠ ಮೊತ್ತ 32,767, ಅಂದರೆ 3,276.7 ಮಿಲಿಮೀಟರು. ಬೆಂಗಳೂರಿಗೆ ಇದು ಧಾರಾಳ. ಆಗುಂಬೆಯ ಮಗ್ಗುಲಲ್ಲಿ ಮಳೆಗಾಲ ಇನ್ನೂ ಬಿರುಸಾಗಿರುವಾಗಲೇ ಈ ಕೊಳಗ ಕಂಠಮಟ್ಟ ತುಂಬಿರುತ್ತದೆ.

ತುಂಬಿದ ಮೇಲೆ ಬೀಳುವ ಮುಂದಿನ ಹನಿಯಿಂದ ಆಗುವುದು ವಿಚಿತ್ರ. ಭತ್ತದ ಕೊಳಗವಾದರೆ ಹೆಚ್ಚಿನ ಕಾಳು ಹೊರಚೆಲ್ಲುತ್ತದೆ, ಕೊಳಗ ತುಂಬಿಯೇ ಇರುತ್ತದೆ. ಯಂತ್ರದಲ್ಲಿ 32,767ಕ್ಕೆ 1 ಸೇರಿದೊಡನೆ ಬರುವ ಮೊತ್ತ −32,768. ಮಾಪಕದ ಮುಖದ ಮೇಲೆ ಋಣ 3,276.8 ಮಿಲಿಮೀಟರು ಮಳೆ! ಇಷ್ಟಾದರೆ ಚಿಂತೆಯಿಲ್ಲ, ಋಣ ಮಳೆಯನ್ನು ಕಂಡವರಾರು? ನೋಡಿದವನು ಕೂಡಲೇ ಯಂತ್ರ ಕೆಟ್ಟಿತೆಂದು ಅರಿಯುತ್ತಾನೆ. ಆದರೆ ಮಳೆ ಸುರಿಯುತ್ತಲೇ ಇದೆ, ಸಂಖ್ಯೆಯೂ ಏರುತ್ತಲೇ ಇದೆ. ನಿಜವಾದ ಮೊತ್ತ 5,000 ಮಿಲಿಮೀಟರಾದಾಗ ಯಂತ್ರ −1,553.6 ಎನ್ನುತ್ತದೆ. ನಿಜವಾದ ಮೊತ್ತ 6,553.6 ಆದ ಕ್ಷಣದಲ್ಲಿ ಅದು ತೋರಿಸುವುದು ಸೊನ್ನೆ. ವರ್ಷದ ಕೊನೆಗೆ 7,600 ಮಿಲಿಮೀಟರು ಮಳೆ ಬಿದ್ದಿದ್ದರೆ, ನಮ್ಮ ಎಣಿಕೆಯಲ್ಲಿ 76,000. ಅದರಿಂದ 65,536 ಕಳೆದು ಯಂತ್ರದಲ್ಲಿ ಉಳಿಯುವುದು 10,464. ಅಂದರೆ 1,046.4 ಮಿಲಿಮೀಟರು.

ಈ ಕೊನೆಯ ಸಂಖ್ಯೆಯ ಮುಂದೆ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇವೆ. 1,046.4 ಎಂಬುದರಲ್ಲಿ ಸಂಶಯಕ್ಕೆ ಎಡೆಗೊಡುವ ಅಂಶ ಯಾವುದಿದೆ? ಅದು ಋಣವಲ್ಲ, ಸೊನ್ನೆಯಲ್ಲ; ಬೆಂಗಳೂರಿನ ಒಂದು ವರ್ಷದ ಮಳೆಗೆ ಸಲ್ಲುವ ಸಭ್ಯವಾದ ಸಂಖ್ಯೆ. ದೂರದ ಕಚೇರಿಯಲ್ಲಿ ಕುಳಿತು ಪಟ್ಟಿಯನ್ನು ತಿರುವಿಹಾಕುವವನು ಹುಬ್ಬೇರಿಸದೆ ಮುಂದಿನ ಸಾಲಿಗೆ ಹೋಗುತ್ತಾನೆ. ಗಣಕದ ತಪ್ಪುಗಳಲ್ಲಿ ಕಿರಿಚುವ ತಪ್ಪಿಗಿಂತ ಇಂಥ ಮೌನವಾದ ತಪ್ಪೇ ಹೆಚ್ಚು ಅಪಾಯಕರವೆಂದು ನಮ್ಮ ಮತ.

ಇದನ್ನು ‘ತಪ್ಪು’ ಎಂದೆವು. ಯಂತ್ರದ ದೃಷ್ಟಿಯಿಂದ ನೋಡಿದರೆ ಅದು ಅತ್ಯಂತ ನಿಷ್ಠೆಯಿಂದ ಒಂದು ಗಣಿತ ನಿಯಮವನ್ನು ಪಾಲಿಸಿದೆ. 65,536 ಗೆರೆಗಳುಳ್ಳ ಒಂದು ದೊಡ್ಡ ಗಡಿಯಾರದ ಮುಖವನ್ನು ಕಲ್ಪಿಸಿಕೊಳ್ಳಿರಿ. ಕೂಡುವುದೆಂದರೆ ಮುಳ್ಳನ್ನು ಮುಂದಕ್ಕೆ ತಳ್ಳುವುದು. ಒಂದು ಸುತ್ತು ಮುಗಿದರೆ ಮತ್ತೆ ಸೊನ್ನೆಯಿಂದ. ಸೊನ್ನೆಗೆ ಒಂದು ಗೆರೆ ಹಿಂದಿರುವ 65,535ಕ್ಕೆ −1 ಎಂದೂ ಹೆಸರಿಡಬಹುದಲ್ಲವೆ? ಎಂಟಕ್ಕೆ ಹತ್ತು ನಿಮಿಷ ಬಾಕಿ ಎಂದರೂ ಏಳು ಗಂಟೆ ಐವತ್ತು ನಿಮಿಷ ಎಂದರೂ ಮುಳ್ಳಿನ ಸ್ಥಾನ ಒಂದೇ. ಹೀಗೆ ವೃತ್ತದ ಅರ್ಧಭಾಗಕ್ಕೆ ಋಣದ ಹೆಸರುಗಳನ್ನು ಹಂಚಿರುವುದರಿಂದಲೇ 32,767ರ ಮಗ್ಗುಲಲ್ಲಿ −32,768 ಬಂದು ಕುಳಿತಿದೆ. ಒಂದು ಸಂಖ್ಯೆಯಿಂದ ಭಾಗಿಸಿದಾಗ ಒಂದೇ ಶೇಷವನ್ನುಳಿಸುವ ಸಂಖ್ಯೆಗಳೆಲ್ಲ ಸಮಾನವೆಂದು ಭಾವಿಸುವ ಈ ಗಣಿತಕ್ಕೆ ಜರ್ಮನಿಯ ಗಾಸ್ 1801ರ ತನ್ನ ಗ್ರಂಥದಲ್ಲಿ ಇಂದಿನ ಸಂಕೇತಗಳನ್ನು ಕೊಟ್ಟನು.

ಪದ್ಧತಿಯಾದರೋ ನಮ್ಮ ಮನೆಯ ಪಂಚಾಂಗದಲ್ಲಿಯೇ ಇದೆ. ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಾಂಕ, ಶೇಷ ಸೊನ್ನೆಯಾದರೆ ಅರುವತ್ತನೆಯದಾದ ಅಕ್ಷಯ. 2025ರ ಯುಗಾದಿಯಂದು ಶಕ 1947 ಆರಂಭವಾಯಿತು. 1947ಕ್ಕೆ 12 ಸೇರಿದರೆ 1959; ಅರುವತ್ತರಿಂದ ಭಾಗಿಸಿದರೆ ಭಾಗಲಬ್ಧ 32, ಶೇಷ 39. ಮೂವತ್ತೊಂಬತ್ತನೆಯದು ವಿಶ್ವಾವಸು. ಈಗ ಶೇಷ ಮಾತ್ರ ತಿಳಿದಿದೆ, ಭಾಗಲಬ್ಧ ತಿಳಿಯದು ಎನ್ನೋಣ. ವಿಶ್ವಾವಸು ಎಂದಷ್ಟೇ ಹೇಳಿದರೆ ಅದು 1965 ಆಗಬಹುದು, 1905 ಆಗಬಹುದು, ಅದಕ್ಕೂ ಹಿಂದಿನದಾಗಬಹುದು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ಸೀಮೆಗಳ ಶಾಸನಗಳಿವೆ. (ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ.) ಶಾಸನದಲ್ಲಿ ಶಕ ವರ್ಷವೂ ಇದ್ದರೆ ಕಾಲ ನಿರ್ಣಯ ಸುಲಭ. ಸಂವತ್ಸರದ ಹೆಸರು ಮಾತ್ರವಿದ್ದರೆ ವಿದ್ವಾಂಸರು ಅರಸನ ಹೆಸರನ್ನೂ ಅಕ್ಷರಗಳ ರೂಪವನ್ನೂ ನೋಡಿ ಅರುವತ್ತರ ಯಾವ ಸುತ್ತು ಎಂಬುದನ್ನು ಊಹಿಸಬೇಕು. ಕಣದಲ್ಲಿ ಭತ್ತ ಅಳೆಯುವವನು ಒಂದು ಎನ್ನುವ ಬದಲು ‘ಲಾಭ’ ಎಂದು ಮೊದಲುಮಾಡಿ, ಎರಡು, ಮೂರು ಎಂದು ಗಟ್ಟಿಯಾಗಿ ಕೂಗುತ್ತ ಹೋಗುವುದು ಈ ಸುತ್ತುಗಳ ಲೆಕ್ಕ ತಪ್ಪದಿರಲೆಂದೇ ಅಲ್ಲವೆ? ನಮ್ಮ ಮಾಪಕದೊಳಗೆ ಕೊಳಗ ತುಂಬಿ ಬರಿದಾದಾಗ ಕೂಗುವವನು ಯಾರೂ ಇಲ್ಲ. 76,000 ಎಂಬುದರಲ್ಲಿ ಒಂದು ಸುತ್ತು ಕಳೆದುಹೋಗಿ, 10,464 ಎಂಬ ಶೇಷ ಉಳಿಯಿತು.

ಹಲವು ಶೇಷಗಳು ದೊರೆತರೆ ಕಳೆದುಹೋದ ಸಂಖ್ಯೆಯನ್ನು ಮರಳಿ ಹಿಡಿಯಬಹುದು. ಸಂವತ್ಸರದೊಡನೆ ತಿಥಿ, ವಾರಗಳೂ ಶಾಸನದಲ್ಲಿದ್ದರೆ ಸಾಧ್ಯವಾದ ವರ್ಷಗಳು ಬೆರಳೆಣಿಕೆಗೆ ಇಳಿಯುವುದು ಇದರಿಂದಲೇ. ಈ ಬಗೆಯ ಲೆಕ್ಕಕ್ಕೆ ಕುಟ್ಟಕವೆಂದು ಹೆಸರು. 499ರಲ್ಲಿ ಆರ್ಯಭಟನು ಇದನ್ನು ಹೇಳಿದನು. ನೃಪತುಂಗ ಅಮೋಘವರ್ಷನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ವಿಸ್ತರಿಸಿದನು. ಅದರ ಸೊಗಸನ್ನು ವಿವರಿಸಲು ಬೇರೆಯೇ ಲೇಖನ ಬೇಕು.

ಭಾಗಲಬ್ಧವೇ ಬೇಕಿಲ್ಲದ ಸಂದರ್ಭಗಳೂ ಉಂಟು. ಅಲ್ಲಿ ಈ ಚಕ್ರಗಣಿತವು ಶತ್ರುವಾಗದೆ ಮಿತ್ರನಾಗುತ್ತದೆ. ಋಣದ ಗೊಡವೆಯಿಲ್ಲದೆ 0ಯಿಂದ 65,535ರವರೆಗೆ ಎಣಿಸುವ ಮಾಪಕವೊಂದು ನಿನ್ನೆ ಬೆಳಿಗ್ಗೆ 64,900 ತೋರಿಸಿತು, ಇಂದು ಬೆಳಿಗ್ಗೆ 1,364 ತೋರಿಸುತ್ತಿದೆ ಎನ್ನೋಣ. ಇಂದಿನದರಿಂದ ನಿನ್ನೆಯದನ್ನು ಕಳೆದರೆ −63,536. ವೃತ್ತದ ಮೇಲೆ ಇದಕ್ಕೆ 65,536 ಕೂಡಿಸಿದರೆ 2,000, ಅಂದರೆ 200 ಮಿಲಿಮೀಟರು. ಒಂದು ದಿನದ ಮಳೆ ಸರಿಯಾಗಿಯೇ ದೊರೆಯಿತು! ನಡುವೆ ಮುಳ್ಳು ಸೊನ್ನೆಯನ್ನು ದಾಟಿದ್ದರಿಂದ ಎಳ್ಳಷ್ಟೂ ಹಾನಿಯಾಗಲಿಲ್ಲ. ಎರಡು ಓದುಗಳ ನಡುವೆ ಒಂದು ಪೂರ್ಣ ಸುತ್ತಿನಷ್ಟು, ಎಂದರೆ 6,553.6 ಮಿಲಿಮೀಟರು, ಮಳೆ ಬಾರದಿದ್ದರೆ ಸಾಕು. ಆಗುಂಬೆಯ ಮಳೆಗೂ ಒಂದು ದಿನದಲ್ಲಿ ಅಷ್ಟು ಶಕ್ತಿಯಿಲ್ಲ. ಹೀಗೆ ದಿನದಿನದ ವ್ಯತ್ಯಾಸವನ್ನು ತೆಗೆದು, ಅವುಗಳ ಮೊತ್ತವನ್ನು 32 ಬಿಟ್‌ನ ದೊಡ್ಡ ಕೊಳಗದಲ್ಲಿ ಇಡುವುದಾದರೆ ನಮ್ಮ ವಿದ್ಯಾರ್ಥಿಯ ಮಾಪಕ ಮೇಗರವಳ್ಳಿಯಲ್ಲಿಯೂ ನಿರಾತಂಕವಾಗಿ ನಡೆದೀತು. ಊನೊದಲ್ಲಿ ಅದಕ್ಕಾಗಿ ಬದಲಿಸಬೇಕಾದುದು ‘ಇಂಟ್’ ಎಂಬ ಒಂದು ಶಬ್ದವನ್ನು ‘ಲಾಂಗ್’ ಎಂದು. ಅಲ್ಲಿಯ ಲಾಂಗಿಗೆ 32 ಬಿಟ್.

ಕೊಳಗ ತುಂಬಿದಾಗ ಒಂದೊಂದು ಭಾಷೆಯೂ ಒಂದೊಂದು ಬಗೆಯಾಗಿ ನಡೆದುಕೊಳ್ಳುತ್ತದೆ. ಜಾವಾದಲ್ಲಿ ಸುತ್ತು ಹಾಕುವುದೇ ನಿಯಮ, ಎಚ್ಚರಿಕೆಯ ಮಾತಿಲ್ಲ. ಶಾರ್ಟ್ ಜಾತಿಯ ಮೊತ್ತಕ್ಕೆ ‘ಮೊತ್ತ = ಮೊತ್ತ + ಮಳೆ’ ಎಂದು ಬರೆದರೆ ಅದರ ಕಂಪೈಲರು ದೊಡ್ಡದನ್ನು ಸಣ್ಣದರಲ್ಲಿ ತುರುಕುತ್ತಿರುವೆಯೆಂದು ತಡೆಯುತ್ತದೆ. ಅದನ್ನೇ ಸಂಕ್ಷೇಪವಾಗಿ ‘ಮೊತ್ತ += ಮಳೆ’ ಎಂದು ಬರೆದರೋ, ತುಟಿಪಿಟಕ್ಕೆನ್ನದೆ ತುರುಕಿಬಿಡುತ್ತದೆ. ಎರಡು ಅಕ್ಷರ ಉಳಿಸಲು ಹೋಗಿ ಕಾವಲುಗಾರನನ್ನೇ ಮನೆಗೆ ಕಳುಹಿಸಿದಂತೆ! 2014ರ ಆವೃತ್ತಿಯಿಂದೀಚೆಗೆ ಇಂಟ್ ಮತ್ತು ಲಾಂಗ್‌ಗಳನ್ನು ಎಚ್ಚರದಿಂದ ಕೂಡುವ ‘ಆಡ್‌ಎಗ್ಸ್ಯಾಕ್ಟ್’ ಎಂಬ ವಿಧಾನವೂ ಜಾವಾದಲ್ಲಿದೆ. ಮೊತ್ತ ಹಿಡಿಯದಿದ್ದರೆ ಅದು ಕೂಗಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ಋಣವಿಲ್ಲದ ಜಾತಿಗಳು ನಿಯಮಬದ್ಧವಾಗಿ ಸುತ್ತುತ್ತವೆ. ಋಣವುಳ್ಳ ಇಂಟ್ ತುಂಬಿದರೆ ಏನಾಗಬೇಕೆಂಬುದನ್ನು ಭಾಷೆಯು ಗೊತ್ತುಮಾಡಿಯೇ ಇಲ್ಲ. ಬಹಳಮಟ್ಟಿಗೆ ಸುತ್ತುವುದು ಕಂಡುಬಂದರೂ ಅದನ್ನು ನಂಬಿ ನಡೆಯುವಂತಿಲ್ಲ. ಪೈಥಾನ್ ಭಾಷೆಯ ಪೂರ್ಣಾಂಕಕ್ಕೆ ಮಾತ್ರ ಮೇರೆಯಿಲ್ಲ: ಸಂಖ್ಯೆ ಬೆಳೆದಂತೆ ಅದರ ಕೊಳಗವೂ ಬೆಳೆಯುತ್ತದೆ, ವೇಗ ಅಷ್ಟರಮಟ್ಟಿಗೆ ಕಡಿಮೆ.

ಒಂದು ಊರಿಗೆಂದು ಮಾಡಿದ ಕೊಳಗವನ್ನು ಇನ್ನೊಂದೂರಿಗೆ ಒಯ್ದುದರ ಫಲವನ್ನು ಜಗತ್ತು 1996ರ ಜೂನ್ 4ರಂದು ಕಂಡಿತು. ಯೂರೋಪಿನ ಏರಿಯಾನ್-5 ರಾಕೆಟ್ಟು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೊದಲ ಬಾರಿಗೆ ಮೇಲೇರಿ, ಒಂದು ನಿಮಿಷ ತುಂಬುವ ಮೊದಲೇ ಆಕಾಶದಲ್ಲಿ ಛಿದ್ರವಾಯಿತು. ಅದರ ದಿಕ್ಕನ್ನು ಅರಿಯುವ ಗಣಕದ ಪ್ರೋಗ್ರಾಮನ್ನು ಹಿಂದಿನ ಏರಿಯಾನ್-4ರಿಂದ ತೆಗೆದುಕೊಂಡಿದ್ದರು. ಕ್ಷಿತಿಜ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 64 ಬಿಟ್‌ಗಳ ದಶಮಾಂಶ ಜಾತಿಯಿಂದ 16 ಬಿಟ್‌ಗಳ ಪೂರ್ಣಾಂಕಕ್ಕೆ ಅದು ಇಳಿಸುತ್ತಿತ್ತು. ಹಳೆಯ ರಾಕೆಟ್ಟಿನಲ್ಲಿ ಆ ಸಂಖ್ಯೆ 32,767ನ್ನು ದಾಟುವಂತಿರಲಿಲ್ಲ. ಹೊಸದರ ಪಥದಲ್ಲಿ ದಾಟಿತು. ಇಲ್ಲಿ ಯಂತ್ರ ಮೌನವಾಗಿ ಸುತ್ತಲಿಲ್ಲ, ಕೂಗಿಕೊಂಡಿತು. ಆದರೆ ಆ ಕೂಗಿಗೆ ಓಗೊಡುವ ಏರ್ಪಾಡನ್ನು ಯಾರೂ ಮಾಡಿರದಿದ್ದುದರಿಂದ ಗಣಕವು ಕೆಲಸವನ್ನೇ ನಿಲ್ಲಿಸಿತು. ಅದಕ್ಕೆ ಬದಲಿಯಾಗಿದ್ದ ಗಣಕದಲ್ಲಿಯೂ ಅದೇ ಪ್ರೋಗ್ರಾಮಿತ್ತು, ಅದಕ್ಕೂ ಅದೇ ಗತಿಯಾಗಿತ್ತು.

ಇಷ್ಟು ಕಷ್ಟವೇಕೆ, ಮಳೆಯನ್ನು ದಶಮಾಂಶ ಜಾತಿಯಲ್ಲಿಯೇ ಇಡಬಾರದೆ ಎಂದು ಕೆಲವರು ಕೇಳಬಹುದು. ಫ್ಲೋಟ್, ಡಬಲ್ ಎಂಬ ಆ ಜಾತಿಗಳಿಗೆ ವ್ಯಾಪ್ತಿ ದೊಡ್ಡದು. ಅವುಗಳ ತೊಂದರೆ ಬೇರೆ. ಮೂರನೆಯ ಒಂದಂಶವನ್ನು ದಶಮಾಂಶದಲ್ಲಿ ಬರೆದರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತನೆಯ ಒಂದಂಶ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದೇ ಇಲ್ಲ. ಡಬಲ್ ಜಾತಿಯಲ್ಲಿ 0.1ನ್ನು ಹತ್ತು ಬಾರಿ ಕೂಡಿದರೆ 1 ಬರದೆ 0.9999999999999999 ಬರುತ್ತದೆ. ಫ್ಲೋಟಿನಲ್ಲಿ 1,67,77,216ಕ್ಕೆ 1 ಕೂಡಿದರೆ ಮೊತ್ತ ಅಲ್ಲಾಡುವುದೇ ಇಲ್ಲ! ಹತ್ತನೆಯ ಅಂಶಗಳನ್ನು ಪೂರ್ಣಾಂಕವಾಗಿ ಎಣಿಸಿದ ನಮ್ಮ ವಿದ್ಯಾರ್ಥಿಯ ವಿವೇಕವನ್ನು ಮೆಚ್ಚಲೇಬೇಕು.

ಇನ್ನು ಋಣಸಂಖ್ಯೆಯ ಶೇಷದ ವಿಚಾರ. ಅನೇಕ ಗಣಕಗಳು ಕಾಲವನ್ನು 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಅಂದು ಗುರುವಾರ. ಅಲ್ಲಿಂದ 24,855 ದಿನಗಳಿಗೆ 2038ರ ಜನವರಿ 19 ಬರುತ್ತದೆ. 24,855ನ್ನು 7ರಿಂದ ಭಾಗಿಸಿದರೆ ಶೇಷ 5. ಗುರುವಾರದಿಂದ ಐದು ದಿನ ಮುಂದೆ ಎಣಿಸಿದರೆ ಮಂಗಳವಾರ. ಆ ಮಂಗಳವಾರ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಣಿಕೆ 2,14,74,83,647ನ್ನು ಮುಟ್ಟುತ್ತದೆ. ಅದು 32 ಬಿಟ್‌ನ ಕೊಳಗದ ಕಂಠ. ಮುಂದಿನ ಸೆಕೆಂಡಿಗೆ ಅಂತಹ ಗಣಕ 1901ರ ಡಿಸೆಂಬರ್ 13 ಎಂದು ಹೇಳುತ್ತದೆ. ದಿನಗಳ ಲೆಕ್ಕದಲ್ಲಿ ಅದು −24,856. ಇದು ಯಾವ ವಾರ? 7ರಿಂದ ಭಾಗಿಸಿ ಶೇಷವನ್ನು ಕೇಳಿದರೆ ಪೈಥಾನ್ 1 ಎನ್ನುತ್ತದೆ: ಗುರುವಾರದ ಮರುದಿನ, ಶುಕ್ರವಾರ. ಅದು ಸರಿ. ಜಾವಾ ಮತ್ತು ಸಿ ಭಾಷೆಗಳು −6 ಎನ್ನುತ್ತವೆ. ವೃತ್ತದ ಮೇಲೆ −6 ಮತ್ತು 1 ಒಂದೇ ಸ್ಥಾನವೆಂಬುದು ನಮಗೆ ಗೊತ್ತು, ವಾರಗಳ ಹೆಸರಿನ ಪಟ್ಟಿಗೆ ಗೊತ್ತಿಲ್ಲ. −6ನೆಯ ಹೆಸರನ್ನು ಹುಡುಕಹೋದ ಜಾವಾ ಪ್ರೋಗ್ರಾಮು ಅಲ್ಲಿಯೇ ಮುಗ್ಗರಿಸುತ್ತದೆ. ಶೇಷ ಋಣವಾದರೆ 7 ಕೂಡಿಸಬೇಕು, ಇಲ್ಲವೆ ಜಾವಾದ ‘ಫ್ಲೋರ್‌ಮಾಡ್’ ಎಂಬ ವಿಧಾನವನ್ನು ಬಳಸಬೇಕು.

ಈಚಿನ ಗಣಕಗಳಲ್ಲಿ ಬಹುಪಾಲು ಕಾಲವನ್ನು 64 ಬಿಟ್‌ಗಳಲ್ಲಿ ಇಡುತ್ತವೆ. ಆ ಕೊಳಗ ತುಂಬಲು ಸುಮಾರು 29,200 ಕೋಟಿ ವರ್ಷಗಳು ಬೇಕು. ಹೊಲದ ಮೂಲೆಗಳಲ್ಲಿ, ಕಂಬಗಳ ಮೇಲೆ, ಪೆಟ್ಟಿಗೆಗಳೊಳಗೆ ಸದ್ದಿಲ್ಲದೆ ದುಡಿಯುವ ಸಣ್ಣ ಉಪಕರಣಗಳನ್ನು ಮಾತ್ರ ಒಂದೊಂದಾಗಿ ತೆರೆದು ನೋಡಬೇಕಾಗಿದೆ. ಜನವರಿಯಲ್ಲಿ ಮೇಗರವಳ್ಳಿಯ ಮಳೆಮಾಪಕಕ್ಕೆ ಕೆಲಸ ಕಡಿಮೆ. 2038ರ ಆ ಮಂಗಳವಾರ 8-30ರ ಓದನ್ನು ಬರೆದು ಮುಗಿಸಿದವನಿಗೆ, ತನ್ನ ಯಂತ್ರದ ಗಡಿಯಾರವನ್ನು ಕಣ್ಣಿಟ್ಟು ನೋಡಲು ಹದಿನಾಲ್ಕು ನಿಮಿಷ ಬಿಡುವಿರುತ್ತದೆ.